ಸವತಿಯರ ತಗಡಿನ ಸೂರು

ಬಿ ಸೋಮೋಯೆ, ಅಂದರೆ ನಮ್ಮ ಸೋಮೋಯೆ ಅಜ್ಜಿ, ತೀರಿಕೊಂಡು ಎರಡು ಮಳೆಗಾಲ ಕಳೆದವು. ಅವಳ ಬೈಗುಳವಿಲ್ಲದೆ ನನಗೆ ಇವತ್ತಿಗೂ ಬೆಳಗಾದ ಹಾಗೆ ಅನ್ನಿಸುವುದಿಲ್ಲ. ಟಾಂಡಾಲೆ ಬಡಾವಣೆಯ ನಮ್ಮ ಓಣಿಯಲ್ಲಿ ಗುಳಿಕಾವಲಿಯ ಮುಂದೆ ಕೂತು ವಿಟುಂಬುವಾ ಎನ್ನುವ ಅಕ್ಕಿಯ ಸಿಹಿ ಪಡ್ಡು ಬೇಯಿಸುತ್ತಾ, ಹೋಗಿಬರುವವರ ಜನ್ಮ ಜಾಲಾಡುತ್ತಿದ್ದಳು. ನನ್ನನ್ನಂತೂ ಸೋಮಾರಿ ಎಂದೇ ಕರೆಯುತ್ತಿದ್ದಳು. ಆದರೂ ಸಕ್ಕರೆ ಜಾಸ್ತಿ ಹಾಕಿದ್ದೊಂದು ನನಗೇ ಮೀಸಲು. ಎಂಥ ಹೆಂಗಸಪ್ಪ ಅದು!

ಪಕ್ಕದ ಬಾಗಿಲು ಅವಳ ಸವತಿ ತಬುವಿನದು. ಗಂಡ ಪಾಜಿ ಇಬ್ಬರಿಗೂ ಬೇರೆ ಬೇರೆ ಮನೆ ಕಟ್ಟಿ, ಮೇಲೆ ಮಾತ್ರ ಒಂದೇ ತಗಡು ಹೊದಿಸಿದ್ದ. ಸೋರಿದರೆ ಇಬ್ಬರಿಗೂ ಸೋರಲಿ, ನನ್ನ ತಲೆ ತಿನ್ನಬೇಡಿ ಅನ್ನುತ್ತಿದ್ದ. ಅವನು ಸತ್ತ ಮೇಲೆ ಇವರಿಬ್ಬರಿಗೂ ಮಾತಿಗೆ ಮಾತು ಬೆಳೆದು, ಮುಖ ನೋಡುವುದೂ ನಿಂತಿತ್ತು. ತಬು ಎನ್ನುವ ಹೆಸರು ಸೋಮೋಯೆಯ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಆಚೆ ಮನೆಯವಳು, ಅಷ್ಟೇ.

ಆಗ ಬಂತು ಡ್ರೋನ್. ಭೂಮಾಪನ ಕಚೇರಿಯ ನೀಮಾ ಎನ್ನುವ ಹುಡುಗಿ ಅದನ್ನು ಶಾಲೆಯ ಬಯಲಿನಿಂದ ಹಾರಿಸಿ ಓಣಿಯ ಚಿತ್ರ ತೆಗೆದಳು. ಮನೆಗೊಂದು ಹಕ್ಕುಪತ್ರ ಬರುತ್ತದಂತೆ ಎಂದು ನಾವೆಲ್ಲ ಕುಣಿದೆವು. ನಕ್ಷೆ ಹರಡಿ ನೋಡಿದರೆ, ಇವರಿಬ್ಬರದೂ ಸೇರಿ ಒಂದೇ ಮನೆ! ಒಳಗಿನ ಗೋಡೆ ಆಕಾಶಕ್ಕೆ ಎಲ್ಲಿ ಕಾಣಬೇಕು? ಸೂರಿಗೊಂದೇ ಪತ್ರ, ಪತ್ರಕ್ಕೊಂದೇ ಹೆಸರು ಎಂದು ಮೇಲಿನವರು ಹಟ ಹಿಡಿದರಂತೆ. ತಗಡನ್ನು ನಡುವೆ ಕತ್ತರಿಸಿ ಸಂದು ಬಿಟ್ಟರೆ ಇನ್ನೊಮ್ಮೆ ಹಾರಿಸಿ ಎರಡು ಮನೆ ತೋರಿಸುತ್ತೇನೆ ಎಂದಳು ನೀಮಾ.

ತಬು ಅವತ್ತೇ ತಗಡು ಕತ್ತರಿಸುವವನನ್ನು ಕರೆತಂದಳು. ಅವಳದೂ ತಪ್ಪೆನ್ನಲಾರೆ. ನಾಳೆ ಯಾರೋ ಬಂದು ಎಬ್ಬಿಸಿದರೆ, ಪತ್ರವಿಲ್ಲದವರು ಎಲ್ಲಿಗೆ ಹೋಗಬೇಕು? ಅವನು ಏಣಿ ಇಟ್ಟಿದ್ದೇ ತಡ, ಸೋಮೋಯೆ ಬಂದು ಅದರ ಕೆಳಮೆಟ್ಟಿಲ ಮೇಲೆ ಕೂತುಬಿಟ್ಟಳು. ಇನ್ನು ಇವಳ ಬೈಗುಳಕ್ಕೆ ಓಣಿಯೇ ಹಾರಿಹೋಗುತ್ತದೆ ಅಂದುಕೊಂಡೆ. ಆದರೆ ಅವಳು ನೀಮಾಳಿಗೆ ಮೆಲ್ಲಗೆ ಹೇಳಿದಳು:

"ಅವಳ ಹೆಸರೇ ಬರ್ಕೊಳ್ಳಮ್ಮ, ನಂದು ಬೇಡ. ಪಾಜಿ ಕೈಯಾರೆ ಹೊದಿಸಿದ ತಗಡು. ನಾನಿರೋವರೆಗೂ ಅದಕ್ಕೆ ಕತ್ತರಿ ಹಾಕ್ಬೇಡಿ."

ಪತ್ರ ತಬುವಿನ ಕೈಸೇರಿದ ಮೇಲೆ ಅವಳು ಈ ಮುದುಕಿಯನ್ನು ಬೀದಿಗೆ ತಳ್ಳಿದರೂ ಕೇಳುವವರಿರಲಿಲ್ಲ.

ತಬು ಹೊದ್ದಿದ್ದ ಕಾಂಗಾ ಬಟ್ಟೆಯ ಅಂಚಿನಲ್ಲಿ ಮೂಗು ಒರೆಸಿಕೊಂಡಳು. ತಗಡಿನವನಿಗೆ ಹೊರಡಲು ಸನ್ನೆ ಮಾಡಿದಳು.

"ಅಕ್ಕನ ಹೆಸರು ಬರಿ," ಎಂದಳು. "ಅವಳು ನನ್ನ ಎಬ್ಬಿಸಿದ್ರೆ ಎಬ್ಬಿಸ್ಲಿ."

ಸೋಮೋಯೆ ಏಣಿ ಬಿಟ್ಟು ಏಳಲಿಲ್ಲ. ಕೂತಲ್ಲಿಂದಲೇ ತಲೆಯೆತ್ತಿ ತಬುವನ್ನು ನೋಡಿದಳು.

"ಊಟ ಆಯ್ತೇನೇ?" ಎಂದು ಕೇಳಿದಳು.