ಗೋಡೆಗೆ ಕಪ್ಪು ಬಳಿದ ವಾರ್ಡನ್

ಹೋದ ತಿಂಗಳು ನಮ್ಮ ಜೆ.ಪಿ. ನಗರದ ಮನೆಯ ಗೇಟಿಗೆ ಕಪ್ಪು ಬಣ್ಣ ಹೊಡೆಸುತ್ತಿದ್ದೆ. ಡಬ್ಬದ ಮುಚ್ಚಳ ತೆಗೆದದ್ದೇ ತಡ, ಟರ್ಪೆಂಟೈನ್ ಬೆರೆತ ಆ ಘಾಟು ಮೂಗಿಗೆ ಹೊಡೆಯಿತು. ಕೈಯಲ್ಲಿದ್ದ ಕಾಫಿ ಲೋಟ ಹಾಗೇ ಹಿಡಿದು ನಿಂತುಬಿಟ್ಟೆ. ಜಯನಗರದ ನಮ್ಮ ಹಾಸ್ಟೆಲ್ಲು, ಅದರ ಮಹಡಿಯ ದೊಡ್ಡ ಹಾಲ್… ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು ಗೋಡೆಗೆ ಕಪ್ಪು ಬಳಿಯುತ್ತಿದ್ದ ನಮ್ಮ ವಾರ್ಡನ್ ಮಿಸ್.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಚಳ್ಳಕೆರೆ ಕಡೆಯವಳು, ಅಪ್ಪನದು ಕಡಲೆಕಾಯಿ ವ್ಯಾಪಾರ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿ, ಪಿಯುಸಿಗೆ ಸೈನ್ಸ್ ತೆಗೆದುಕೊಂಡು ಬೆಂಗಳೂರಿಗೆ ಬಂದಿದ್ದೆ. ಕಾಲೇಜಿನಲ್ಲಿ ಇಂಗ್ಲಿಷಿನ ಪಾಠವೆಲ್ಲ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಪಕ್ಕದಲ್ಲಿ ಸಿಟಿ ಹುಡುಗಿಯರು ಸರಸರ ಬರೆದುಕೊಳ್ಳುತ್ತಿದ್ದರು. ನನಗೊಬ್ಬಳಿಗೇ ಬುದ್ಧಿಯಿಲ್ಲ ಎಂದುಕೊಂಡೆ. ಹಾಸ್ಟೆಲ್ಲಿನಲ್ಲಿ ನನ್ನ ಹಾಗೆ ಊರುಕಡೆಯಿಂದ ಬಂದವರೆಲ್ಲ ಅದನ್ನೇ ಅಂದುಕೊಂಡು, ಒಬ್ಬರಿಗೊಬ್ಬರು ಕಾಣದಂತೆ ಅಳುತ್ತಿದ್ದರು ಎಂಬುದು ಆಮೇಲೆ ತಿಳಿಯಿತು.

ಮಿಸ್ ನಮ್ಮ ಕಾಲೇಜಿನಲ್ಲೇ ಕೆಮಿಸ್ಟ್ರಿ ಹೇಳುತ್ತಿದ್ದರು. ವಾರ್ಡನ್ ಆಗಿ ಬಂದದ್ದು ಆ ವರ್ಷವೇ. ಅದುವರೆಗೆ ಹಾಸ್ಟೆಲ್ಲಿನಲ್ಲಿ ಮಾರ್ಕ್ಸ್ ನೋಡಿ ರೂಮು ಕೊಡುತ್ತಿದ್ದರು. ಮಾರ್ಕ್ಸಿನ ಜೊತೆಗೆ ಯಾರು, ಯಾವ ಜನ ಎಂಬುದನ್ನೂ ನೋಡುತ್ತಿದ್ದರು. ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ, ಅಷ್ಟೆ. ಮಿಸ್ ಅದನ್ನೆಲ್ಲ ಕಿತ್ತುಹಾಕಿದರು. ಮುರುಕು ಮಂಚಗಳನ್ನು ತುಂಬಿಟ್ಟಿದ್ದ ಮಹಡಿಯ ದೊಡ್ಡ ಹಾಲನ್ನು ಖಾಲಿ ಮಾಡಿಸಿ, ಮೊದಲ ವರ್ಷದವರೆಲ್ಲ ಅಲ್ಲೇ ಇರಬೇಕು, ಅಲ್ಲೇ ಒಟ್ಟಿಗೆ ಓದಬೇಕು ಎಂದರು. ಒಂದು ಬೋರ್ಡ್ ಕೊಡಿಸಿ ಎಂದು ಹಾಸ್ಟೆಲ್ ಸಮಿತಿಯನ್ನು ಕೇಳಿದರು. ಹಾಸ್ಟೆಲ್ ಇರುವುದು ಉಣ್ಣಲಿಕ್ಕೆ, ಮಲಗಲಿಕ್ಕೆ ಎಂಬ ಉತ್ತರ ಬಂತು. ಮಿಸ್ ತಾವೇ ಬಣ್ಣ ತಂದು ಗೋಡೆಯನ್ನೇ ಬೋರ್ಡ್ ಮಾಡಿದರು.

“ಕ್ಲಾಸಲ್ಲಿ ಏನ್ ಅರ್ಥ ಆಗ್ಲಿಲ್ವೋ ಅದನ್ನ ಮೊದ್ಲು ಇಲ್ಲಿ ಬರೀರಿ,” ಎಂದರು. “ನಾಚ್ಕೆ ಆಮೇಲೆ ಪಡೋರಂತೆ.”

ಸಂಜೆ ಕಾಫಿ ಮುಗಿಯುತ್ತಿದ್ದಂತೆ ಗೋಡೆ ತುಂಬುತ್ತಿತ್ತು. ಯಾರಿಗೆ ಯಾವುದು ತಿಳಿದಿದೆಯೋ ಅವರು ಎದ್ದು ಕನ್ನಡದಲ್ಲಿ ಹೇಳಬೇಕು. ಆಮೇಲೆ ಎಲ್ಲರೂ ಸೇರಿ, ತಪ್ಪೋ ಸರಿಯೋ, ಅದನ್ನೇ ಇಂಗ್ಲಿಷಿಗೆ ತರಬೇಕು. ನನ್ನ ಪಕ್ಕದ ಮಂಚದವಳು ಬೇಗೂರಿನ ಸುಜಾತ, ಗಾರೆ ಕೆಲಸದವರ ಮಗಳು. ಫಿಸಿಕ್ಸ್ ಎಂದರೆ ಅವಳಿಗೆ ಆಟ. ಬಕೆಟ್ಟಿನ ನೀರಿಗೆ ಕಡ್ಡಿ ಇಳಿಬಿಟ್ಟು, “ನೋಡೇ, ಮುರ್ದಂಗ್ ಕಾಣುತ್ತೆ, ಮುರ್ದಿಲ್ಲ. ಬೆಳಕು ದಾರಿ ಬದಲಾಯಿಸ್ತು, ಅಷ್ಟೆ,” ಎಂದು ಅವಳು ತೋರಿಸಿದ್ದನ್ನು ನಾನು ಇಂದಿಗೂ ಮರೆತಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಪಾಸಾದೆ. ಸುಜಾತ ಫೇಲಾದಳು. ಹೇಳಿಸಿಕೊಂಡವಳು ಪಾಸು, ಹೇಳಿಕೊಟ್ಟವಳು ಫೇಲು! ಉತ್ತರ ಅವಳ ತಲೆಯಲ್ಲಿತ್ತು, ಇಂಗ್ಲಿಷು ಇನ್ನೂ ಕೈಗೆ ಹತ್ತಿರಲಿಲ್ಲ. ಇನ್ನೂ ಕೆಲವರದು ಅದೇ ಕತೆ.

ಒಂದು ಭಾನುವಾರ ಬೆಳಿಗ್ಗೆ ಸಮಿತಿಯ ಸೆಕ್ರೆಟರಿ ಬಂದು ಕೆಳಗಿನ ವರಾಂಡದಲ್ಲಿ ಕೂತರು. ನಾವು ಮೆಟ್ಟಿಲ ಬಳಿ ಗುಂಪಾಗಿ ನಿಂತು ಕೇಳಿಸಿಕೊಂಡೆವು.

“ಫೇಲಾದೋರು ಸೀಟ್ ಖಾಲಿ ಮಾಡ್ಲಿ ಮೇಡಂ. ಆ ಗೋಡೆಗೂ ಸುಣ್ಣ ಹೊಡೆಸಿಬಿಡಿ. ಕನ್ನಡದಲ್ಲಿ ಹರಟೆ ಹೊಡೀತಾ ಕೂತ್ರೆ ಇನ್ನೇನಾಗುತ್ತೆ?”

“ಅವ್ರು ಸೋತಿರೋದು ಇಂಗ್ಲಿಷಿಗೆ ಸಾರ್, ಓದಿಗಲ್ಲ. ವರ್ಷದ ಪರೀಕ್ಷೆವರ್ಗೂ ಇರ್ಲಿ.”

“ರೂಲ್ಸ್ ಅಂದ್ಮೇಲೆ ರೂಲ್ಸ್.”

ಸುಜಾತ ಮೇಲೆ ಹೋಗಿ ಟ್ರಂಕಿಗೆ ಬಟ್ಟೆ ತುಂಬತೊಡಗಿದಳು. ಮಂಚದಡಿಯಿಂದ ನನ್ನ ಟ್ರಂಕನ್ನೂ ಎಳೆದೆ.

“ನಿಂಗೇನಾಗಿದೆಯೇ? ನೀನು ಪಾಸು,” ಎಂದಳು.

“ಆ ಮಾರ್ಕ್ಸ್ ನಿಂದು ಕಣೇ. ನೀನ್ ಹೋದ್ರೆ ನಾನೂ ಹೊರಟೆ.”

ಯಾರೂ ಯಾರಿಗೂ ಹೇಳಲಿಲ್ಲ. ಹಾಲ್ ತುಂಬ ಟ್ರಂಕುಗಳು ನೆಲಕ್ಕೆ ಉಜ್ಜುವ ಸದ್ದು. ಎಲ್ಲರೂ ಮೆಟ್ಟಿಲ ಮೇಲೆ ದಡದಡನೆ ಇಳಿಸಿ ಅಂಗಳದಲ್ಲಿ ಸಾಲಾಗಿ ಇಟ್ಟು, ಅವುಗಳ ಮೇಲೇ ಕೂತೆವು. ಮಿಸ್ ನಮ್ಮನ್ನು ನೋಡಿದರು. ಒಳಗೆ ಹೋದರು. ಬೈಯುತ್ತಾರೆಂದು ನನಗೆ ಭಯವಾಯಿತು… ಬಂದಾಗ ಅವರ ಕೈಯಲ್ಲಿ ತಮ್ಮದೇ ಹಾಸಿಗೆ ಸುತ್ತಿದ ಹೋಲ್ಡಾಲ್ ಇತ್ತು. ಅದನ್ನು ಸುಜಾತಳ ಟ್ರಂಕಿನ ಪಕ್ಕದಲ್ಲಿಟ್ಟರು.

“ನೀವೂನಾ ಮೇಡಂ?” ಸೆಕ್ರೆಟರಿ ಎದ್ದು ನಿಂತರು.

“ನಾನೂ ಈ ವರ್ಷ ಬಂದೋಳೇ ಅಲ್ವಾ ಸಾರ್.”

ಗೇಟಿನಾಚೆ ಜನ ನಿಂತು ನೋಡತೊಡಗಿದರು. ಸೆಕ್ರೆಟರಿ ಮಿಸ್ಸನ್ನು ಆಫೀಸು ಕೋಣೆಗೆ ಕರೆದರು. ಹೊರಬಂದವರೇ ಮಿಸ್, “ಟ್ರಂಕ್ ಮೇಲೆ ತಗೊಂಡೋಗಿ. ಸಂಜೆ ಲೆಕ್ಕ ಇದೆ,” ಎಂದರು. ನಾವು ಗೆದ್ದೆವೆಂದು ಕುಣಿದೆವು.

ಆ ಗೆಲುವಿನ ಬೆಲೆ ತಿಳಿದದ್ದು ವರ್ಷದ ಪರೀಕ್ಷೆಯ ರಿಸಲ್ಟಿನ ದಿನ. ಸುಜಾತ ಪಾಸಾಗಿದ್ದಳು. ಎಲ್ಲರೂ ಪಾಸಾದೆವು ಎಂದು ಬರೆಯಲು ಆಸೆ, ಆದರೆ ಹಾಗಾಗಲಿಲ್ಲ. ಶಿರಾ ಕಡೆಯ ಒಬ್ಬಳು ಫೇಲಾಗಿ ಊರಿಗೆ ವಾಪಸಾದಳು. ಅವತ್ತೇ ಮಿಸ್ ಹೋಲ್ಡಾಲ್ ಕಟ್ಟುತ್ತಿದ್ದುದನ್ನು ಕಂಡೆವು. ಪರೀಕ್ಷೆವರೆಗೆ ಹುಡುಗಿಯರು ಇರಲಿ, ಆಮೇಲೆ ನಾನು ವಾರ್ಡನ್ ಕೆಲಸ ಬಿಡುತ್ತೇನೆ ಎಂದು ಅವರು ಆ ಭಾನುವಾರವೇ ಒಪ್ಪಿಕೊಂಡಿದ್ದರು.

“ನಮ್ಗೋಸ್ಕರ ಯಾಕ್ ಮಿಸ್?” ಸುಜಾತ ಅತ್ತಳು.

“ಅಳ್ಬೇಡ್ವೇ. ಅವ್ರು ಕೇಳಿದ್ದು ವಾರ್ಡನ್ ಕೆಲ್ಸ. ನಾನು ಕೇಳಿದ್ದು ನಿಮ್ಮನ್ನ. ಯಾರಿಗೆ ಲಾಭ ಆಯ್ತು ನೀನೇ ಹೇಳು.”

ಗೋಡೆಗೆ ಸುಣ್ಣ ಬಿತ್ತು. ಮತ್ತೆ ಮಾರ್ಕ್ಸಿನ ಪ್ರಕಾರ ರೂಮುಗಳು. ನನಗೆ ಒಳ್ಳೆಯ ರೂಮೇ ಸಿಕ್ಕಿತು, ನಾನು ಬೇಡವೆಂದೆ. ಸುಜಾತ, ನಾನು, ಇನ್ನು ಕೆಲವರು ಸೇರಿ ಕತ್ರಿಗುಪ್ಪೆಯಲ್ಲಿ ಒಂದು ಶೀಟಿನ ಮನೆ ಹಿಡಿದೆವು. ಬರೀ ಹುಡುಗಿಯರಿಗೆ ಕೊಡುವುದಿಲ್ಲ ಎಂದ ಮನೆ ಯಜಮಾನನ ಮುಂದೆ ನಿಂತು ಮಾತಾಡಿ ಒಪ್ಪಿಸಿದವರು ಮಿಸ್ಸೇ. ಶನಿವಾರಗಳಂದು ವಿಲ್ಸನ್ ಗಾರ್ಡನ್ನಿನ ತಮ್ಮ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಬಂದು, ನಮ್ಮ ಜೊತೆ ಚಾಪೆಯ ಮೇಲೆ ಕೂತು ಪಾಠ ಮಾಡುತ್ತಿದ್ದರು…

ಮಿಸ್ ತೀರಿಕೊಂಡು ಈಗ ಎರಡು ವರ್ಷ. ಮೊನ್ನೆ ಒಂದು ಕಾಲೇಜಿನವರು ನಿವೃತ್ತ ಅಧ್ಯಾಪಕರನ್ನೆಲ್ಲ ಸಭೆಗೆ ಕರೆದಿದ್ದರು. ಅಧ್ಯಾಪಕಿಯಾಗಿ ನಿವೃತ್ತಳಾದ ನಾನೂ ಹೋಗಿದ್ದೆ. ಮೊದಲ ವರ್ಷದ ಮಕ್ಕಳನ್ನು ಹಾಸ್ಟೆಲ್ಲಿನಲ್ಲಿ ಒಟ್ಟಿಗೆ ಇರಿಸಿ ಒಟ್ಟಿಗೆ ಓದಿಸುವ ಹೊಸ ಯೋಜನೆಯಂತೆ. ಹೊರದೇಶದಲ್ಲಿ ನೋಡಿಕೊಂಡು ಬಂದದ್ದಂತೆ. ಯುವ ಪ್ರಿನ್ಸಿಪಾಲರು ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದರು. ನಾನು ಎದ್ದು ನಿಂತೆ.

“ಹೊಸದಲ್ಲ ಸಾರ್. ಇಲ್ಲೇ ಜಯನಗರದಲ್ಲಿ ನಮ್ಮ ಮಿಸ್ ಮಾಡಿದ್ರು. ಮಾಡಿದ್ದಕ್ಕೆ ಅವ್ರನ್ನ ಹಾಸ್ಟೆಲ್ಲಿಂದ ಹೊರಗೆ ಹಾಕಿದ್ರು.”

“ಹೌದಾ ಮೇಡಂ? ಅವ್ರನ್ನೇ ಕರೆಸೋಣ. ನಂಬರ್ ಇದ್ಯಾ?”

ನಂಬರು ನನ್ನ ಫೋನಿನಲ್ಲಿ ಇನ್ನೂ ಇದೆ. ಅಳಿಸಲು ಮನಸ್ಸು ಬಂದಿಲ್ಲ.

“ಅವ್ರಿಲ್ಲ ಈಗ,” ಎಂದೆ. “ನಾನು ಬರ್ತೀನಿ. ಆದ್ರೆ ಮೊದ್ಲು ಒಂದು ಹೇಳಿ ಸಾರ್. ಫೇಲಾದ ಮಕ್ಳನ್ನ ಏನ್ ಮಾಡ್ತೀರಿ?”

ಪ್ರಿನ್ಸಿಪಾಲರು ಪಕ್ಕದವರ ಮುಖ ನೋಡಿದರು. ಕೂತ್ಕೊಳ್ಳಿ ಮೇಡಂ ಎಂದು ಯಾರೋ ಮೆಲ್ಲಗೆ ಅಂದರು.

ಉತ್ತರ ಬರುವವರೆಗೂ ನಾನು ಕೂರಲಿಲ್ಲ.