ಗುಡ್ಡವಿಲ್ಲದ ಊರಿನ ಮೌಂಟನ್ ಬೈಕುಗಳು

ಹೊಸ ಟಯರಿನ ವಾಸನೆ ನಿಮಗೆ ಗೊತ್ತಿರಬೇಕು. ಸೈಕಲ್ ಅಂಗಡಿಯಲ್ಲಿ ಅದು ಹಿತವಾಗಿರುತ್ತದೆ. ಮನೆಯ ಪಡಸಾಲೆಯಲ್ಲಿ, ಅದೂ ಊಟಕ್ಕೆ ಕುಳಿತಾಗ, ಅಷ್ಟು ಹಿತವಲ್ಲ. ಎರಡು ತಿಂಗಳ ಕೆಳಗೆ ಮೂರು ದಿನ ನಮ್ಮ ಮನೆಯಲ್ಲಿ ಆ ವಾಸನೆ ತುಂಬಿಕೊಂಡಿತ್ತು. ಹಳೆಯ ದುಪ್ಪಟಿ ಹೊದ್ದು ಗೋಡೆಗೆ ಒರಗಿ ನಿಂತಿದ್ದದ್ದು ನನ್ನ ನಾಲ್ಕನೆಯ ಮೌಂಟನ್ ಬೈಕು, ಬ್ಯಾಟರಿಯದು. ಎಷ್ಟು ದಿನ ಮುಚ್ಚಿಡುತ್ತೀ, ಓಣಿಗೆಲ್ಲ ಗೊತ್ತಾಗಿದೆ ಎಂದು ನಮ್ಮ ಮನೆಯವರು ರೊಟ್ಟಿ ಮುರಿಯುತ್ತ ನಕ್ಕರು. ಓಣಿಯ ಚಿಂತೆ ನನಗಿರಲಿಲ್ಲ. ನನ್ನ ಹೆದರಿಕೆಯೆಲ್ಲ ಮಕ್ತುಮ ಕಾಕಾರದು.

ನಮ್ಮ ಅಣ್ಣಿಗೇರಿಯ ರೈಲ್ವೆ ಗೇಟಿನ ಹತ್ತಿರ ಅವರ ಸೈಕಲ್ ರಿಪೇರಿ ಅಂಗಡಿ. ಹದಿನೈದು ವರ್ಷದಿಂದ ನನ್ನ ಸೈಕಲ್ಲುಗಳಿಗೆ ಅವರೇ ಡಾಕ್ಟರು. ಹೊಸ ಸೈಕಲ್ ಒಯ್ದರೆ ಮೊದಲು ಅದನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಗಾಲಿಯನ್ನು ಒಮ್ಮೆ ಜೋರಾಗಿ ತಿರುಗಿಸಿ, ಅದು ತಾನಾಗಿ ನಿಲ್ಲುವವರೆಗೆ ಒಂದು ಮಾತೂ ಆಡದೆ ನೋಡುತ್ತಾರೆ. ಆಮೇಲೆ ತೀರ್ಪು. ಈ ಬ್ಯಾಟರಿಯದನ್ನು ನೋಡಿ ಇದು ಸೈಕಲ್ಲೇ ಅಲ್ಲ ಎಂದುಬಿಟ್ಟರೆ, ಏಳು ದಿನದೊಳಗೆ ವಾಪಸ್ ಕಳಿಸಿ, ಮನೆಯವರು ಹೇಳುವಂತೆ ಸ್ಕೂಟಿ ತೆಗೆದುಕೊಳ್ಳುವುದೆಂದು ಠರಾಯಿಸಿದ್ದೆ. ಹಾಗಾದರೆ ನನ್ನ ಸೈಕಲ್ ಸವಾರಿ ಅಲ್ಲಿಗೆ ಮುಗಿಯಿತು. ಐವತ್ತು ದಾಟಿದ ಮಾಸ್ತರಣಿ ಒಬ್ಬ ಮಿಸ್ತ್ರಿಯ ಒಪ್ಪಿಗೆಗೆ ಕಾಯುವುದೇ ಎಂದು ನೀವು ನಗಬಹುದು. ನಗಿರಿ. ಆದರೆ ಮೊದಲಿನ ಮೂರರ ಕಥೆ ಕೇಳಿ ನಗಿರಿ.

ನನ್ನ ಶಾಲೆ ಇರುವುದು ಒಂದು ಸಣ್ಣ ಹಳ್ಳಿಯಲ್ಲಿ. ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋದರೆ ಅಲ್ಲಿಂದ ಕಪ್ಪು ಮಣ್ಣಿನ ಎರೆಹೊಲಗಳ ನಡುವೆ ನಡಿಗೆ. ನಡೆದು ನಡೆದು ಬೇಸತ್ತು, ಮನೆಯಿಂದಲೇ ಸೈಕಲ್ ಮೇಲೆ ಹೋಗೋಣವೆಂದು ಮೊದಲನೆಯದನ್ನು ಹುಬ್ಬಳ್ಳಿಯಲ್ಲಿ ಕೊಂಡೆ. ಮೂರು ಬೆರಳು ದಪ್ಪದ ಟಯರು, ಎರಡು ಕಡೆ ಸ್ಪ್ರಿಂಗು, ಮೈತುಂಬ ಬೆಂಕಿಯ ಚಿತ್ರ. ಕಲ್ಲು, ಕೆಸರು, ಗುಡ್ಡ ಎಲ್ಲಿ ಬೇಕಾದರೂ ಹೋಗುತ್ತದೆ ಎಂದು ಅಂಗಡಿಯವನು ಭರವಸೆ ಕೊಟ್ಟ. ನಮ್ಮ ಕಡೆ ಕಣ್ಣು ಹಾಯುವಷ್ಟು ದೂರವೂ ನೆಲ ಚಪ್ಪಟೆ. ನಾನು ದಿನಾ ಹತ್ತುವ ಎತ್ತರವೆಂದರೆ ಬಸ್ ಸ್ಟ್ಯಾಂಡಿನ ಮುಂದಿನ ಸ್ಪೀಡ್ ಬ್ರೇಕರು. ಆದರೂ ಬೆಂಕಿಯ ಚಿತ್ರಕ್ಕೆ ಮರುಳಾದೆ.

ಮೊದಲ ಜೋರು ಮಳೆ ಬಿದ್ದ ಮರುದಿನ ಗೊತ್ತಾಯಿತು. ಹಸಿ ಎರೆಮಣ್ಣು ಟಯರಿಗೆ ಮೆತ್ತಿ, ಅದರ ಮೇಲೆ ಮತ್ತೊಂದು ಪದರು ಮೆತ್ತಿ, ಹತ್ತು ಮಾರು ಹೋಗುವುದರೊಳಗೆ ಎರಡೂ ಗಾಲಿ ಬಿಗಿದು ನಿಂತವು. ತಳ್ಳಿದರೆ ಬಾರದು, ಹೊರೋಣವೆಂದರೆ ಕೋಣದ ಭಾರ. ಹೆಸರುಕಾಳಿನ ಹೊಲದಲ್ಲಿ ಕಸ ತೆಗೆಯುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ಮನಸಾರೆ ನಕ್ಕು, ಆಮೇಲೆ ಇಬ್ಬರು ಬಂದು ಕೈಹಚ್ಚಿದರು. ಅವತ್ತು ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಮುಂದೆ ಮೂವರು ಹೆಂಗಸರು ಒಂದು ಸೈಕಲ್ಲನ್ನು ಹೊತ್ತು ತಂದದ್ದನ್ನು ಮಕ್ಕಳು ಬಹಳ ದಿನ ಮರೆಯಲಿಲ್ಲ.

ಮಕ್ತುಮ ಕಾಕಾರನ್ನು ಮೊದಲು ಕಂಡದ್ದು ಆ ಸಂಜೆ. ಅರ್ಧ ತಾಸು ಮಣ್ಣು ಕೆರೆದು, ಗಾಲಿ ತಿರುಗಿಸಿ ನೋಡಿ, "ಇದು ಗುಡ್ಡದ ಸೈಕಲ್ಲರಿ ಅಕ್ಕೋರ. ನಮ್ಮ ಮಣ್ಣ ಇದಕ್ಕ ಗೊತ್ತಿಲ್ಲ" ಎಂದರು. ಸಣ್ಣ ಟಯರು ಹಾಕಿಕೊಟ್ಟರು. ಮಳೆಗಾಲದಲ್ಲಿ ಗಾಡಿಹಾದಿ ಬಿಟ್ಟು ಬದುವಿನ ಹುಲ್ಲಿನ ಮೇಲೆ ಹೋಗಬೇಕು, ಕೆರೆಯಲು ಒಂದು ಬಿದಿರಿನ ಚಕ್ಕೆ ಜೊತೆಗಿರಬೇಕು ಎಂದು ನನಗೇ ಪಾಠ ಹೇಳಿದರು. ಮಾಸ್ತರಣಿಯಾಗಿ ನನಗೆ ಪಾಠ ಕೇಳಿ ರೂಢಿಯಿರಲಿಲ್ಲ. ಆದರೂ ಕೇಳಿದೆ.

ಎರಡನೆಯದಕ್ಕೆ ಇಪ್ಪತ್ತೊಂದು ಗೇರು. ಇಷ್ಟು ಗೇರು ತಗೊಂಡು ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರು ಕಾಕಾ. ನಿಜ ಹೇಳಬೇಕೆಂದರೆ ನಾನು ಬಳಸಿದ್ದು ಮೂರು ಮಾತ್ರ, ಉಳಿದ ಹದಿನೆಂಟು ದೇವರ ಮನೆಯ ಬೆಳ್ಳಿ ಪಾತ್ರೆಗಳಂತೆ ಹಾಗೇ ಇದ್ದವು. ಗೇರು ಕೆಟ್ಟಾಗ ಕಾಕಾರಿಗೂ ಅದು ಹೊಸದು. ಅರ್ಧ ದಿನ ಅಂಗಡಿ ಬಂದ್ ಮಾಡಿ, ಚೀಲ ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟು, ತಿರುಗಿ ಜೋಡಿಸಿದರು. ಕೊನೆಗೆ ಒಂದು ಸಣ್ಣ ಸ್ಪ್ರಿಂಗು ಉಳಿಯಿತು. ಇಬ್ಬರೂ ಅದನ್ನೇ ಸ್ವಲ್ಪ ಹೊತ್ತು ನೋಡಿದೆವು. ಸೈಕಲ್ಲು ಆಮೇಲೆ ಐದು ವರ್ಷ ಓಡಿತು.

ಮೂರನೆಯದು ಅಲ್ಯೂಮಿನಿಯಮ್ಮಿನದು, ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ, ಡಿಸ್ಕ್ ಬ್ರೇಕು. ಅದನ್ನು ಬಸ್ಸಿನ ಟಾಪಿಗೇರಿಸಿ ಕಲಘಟಗಿ ಕಡೆಯ ಗೆಳತಿಯ ಮನೆಗೆ ಒಯ್ದು, ದೇವಿಕೊಪ್ಪದ ಕಾಡುಹಾದಿಯ ಏರನ್ನು ಮೊದಲ ಸಲ ಕಂಡೆ. ಹತ್ತುವಾಗ ನಾಲ್ಕು ಕಡೆ ಇಳಿದು ತಳ್ಳಿದೆ. ಇಳಿಯುವಾಗ ಮಾತ್ರ ಒಮ್ಮೆಯೂ ಬ್ರೇಕು ಒತ್ತಲಿಲ್ಲ. ತೇಗದ ಎಲೆಗಳ ನಡುವೆ ಸಣ್ಣ ಹುಡುಗಿಯಂತೆ ಕೂಗುತ್ತ ಬಂದೆ. ಜೀವನದಲ್ಲಿ ಅಷ್ಟು ಖುಷಿಯಾದದ್ದು ಕಡಿಮೆ. ಬಂದು ಹೇಳಿದಾಗ ಕಾಕಾ ಕೆಲಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು, ಏರು ಎಷ್ಟು ಉದ್ದ, ಗಾಳಿ ಯಾವ ಕಡೆಯದು ಎಂದೆಲ್ಲ ವಿಚಾರಿಸಿದರು.

ಆ ಹೊತ್ತಿಗಾಗಲೇ ಅವರು ಸೈಕಲ್ ತುಳಿಯುವುದು ನಿಂತಿತ್ತು. ದಮ್ಮಿನ ಕಾಯಿಲೆ. ನಾಲ್ಕು ಪೆಡಲು ಹೊಡೆದರೆ ಎದೆ ಕಟ್ಟುತ್ತಿತ್ತು. ಒಂದು ದಿನ ತಮ್ಮ ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟರು. ದಿನವಿಡೀ ಮಂದಿಯ ಸೈಕಲ್ ಸರಿಮಾಡಿ, ಸಂಜೆ ಮೆಲ್ಲಗೆ ನಡೆದು ಮನೆಗೆ ಹೋಗುವ ಅವರನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಹೋದ ವರ್ಷ ನನ್ನ ಮೊಳಕಾಲೂ ಕೈಕೊಟ್ಟಿತು. ಕಾಲಿನ ಮೇಲೆ ಜೋರು ಹಾಕಬೇಡಿ ಎಂದರು ಡಾಕ್ಟರು. ಅದಕ್ಕೇ ಈ ಬ್ಯಾಟರಿ.

ನಾಲ್ಕನೆಯ ದಿನ ಧೈರ್ಯ ಮಾಡಿ ದುಪ್ಪಟಿ ತೆಗೆದು ಅಂಗಡಿಗೆ ಒಯ್ದೆ. ಮೊಳಕಾಲಿನ ಕಥೆಯನ್ನೆಲ್ಲ, ತಪ್ಪು ಮಾಡಿದವಳಂತೆ, ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಕಾಕಾ ಅದನ್ನು ತಲೆಕೆಳಗೆ ಮಾಡಲಿಲ್ಲ. ಸುತ್ತ ಒಂದು ಸಲ ತಿರುಗಿ, ಬ್ಯಾಟರಿಯ ಗುಂಡಿ ಎಲ್ಲಿದೆ ಎಂದು ಕೇಳಿ, ಕೈ ಒರೆಸಿಕೊಂಡು ಹತ್ತಿ ಕುಳಿತರು. ನಾನು ಬೇಡ ಎನ್ನುವುದರೊಳಗೆ ಗೇಟು ದಾಟಿದ್ದರು.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅವರ ಸ್ಟೂಲಿನ ಮೇಲೆ ಕುಳಿತೆ, ಎದ್ದು ಗೇಟಿನ ತನಕ ಹೋಗಿ ನೋಡಿ ಬಂದೆ. ಎಲ್ಲೋ ಹಾದಿಯಲ್ಲಿ ಎದೆ ಹಿಡಿದುಕೊಂಡು ಕುಳಿತಿರಬೇಕು, ಬ್ಯಾಟರಿಯ ಆಸೆಗೆ ಅವರ ಜೀವಕ್ಕೇ ಕುತ್ತು ತಂದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಮುಕ್ಕಾಲು ತಾಸಿಗೆ ನವಲಗುಂದ ರಸ್ತೆಯ ಕಡೆಯಿಂದ ಅವರ ಬಿಳಿ ಟೊಪ್ಪಿಗೆ ಕಂಡಿತು. ಇಳಿದು ಸ್ಟ್ಯಾಂಡ್ ಹಾಕಿದರು. ಕಾಲುವೆಯ ತನಕ ಹೋಗಿದ್ದರಂತೆ.

"ಎದರ ಗಾಳಿ ಇತ್ರಿ ಅಕ್ಕೋರ," ಎಂದರು. ಟೊಪ್ಪಿಗೆ ಸರಿಮಾಡಿಕೊಂಡು, "ಆದ್ರೂ ದಮ್ಮ ಹತ್ತಲಿಲ್ಲ."

ಅವರ ಕಣ್ಣು ಒದ್ದೆಯಾಗಿದ್ದವು. ಗಾಳಿಗಿರಬೇಕು ಎಂದುಕೊಂಡೆ, ನನ್ನವೂ ಒದ್ದೆಯಾದ ಮೇಲೆ ಆ ನೆಪ ಬಿಟ್ಟೆ. ವಾಪಸ್ ಕಳಿಸುವ ಮಾತು ಬಾಯಿಗೆ ಬರಲಿಲ್ಲ. ನಾನು ಹೊರಟಾಗ ಅವರು ಹ್ಯಾಂಡಲ್ಲಿನ ಧೂಳು ಒರೆಸುತ್ತ, ನನ್ನ ಮುಖ ನೋಡದೆ ಕೇಳಿದರು: "ಶುಕ್ರವಾರ ಸಂಜೀಮುಂದ ಇದರ ಕೆಲಸ ಇರತೈತೇನ್ರಿ ನಿಮಗ?"

ಇರುವುದಿಲ್ಲ ಎಂದೆ. ಈಗ ಶುಕ್ರವಾರ ಶಾಲೆಯಿಂದ ಬಂದು ಸೈಕಲ್ಲನ್ನು ಅವರ ಕೈಗೆ ಕೊಟ್ಟು ಮನೆಗೆ ನಡೆಯುತ್ತೇನೆ. ಶನಿವಾರ ಬೆಳಗಿನ ಶಾಲೆ, ಅದಕ್ಕೆ ರಾತ್ರಿ ಊಟದ ಮೊದಲೇ ತಂದು ನಿಲ್ಲಿಸಿ ಹೋಗಿರುತ್ತಾರೆ. ಬ್ಯಾಟರಿ ಎಷ್ಟಿದೆ ಎಂದು ತೋರಿಸಲು ಹ್ಯಾಂಡಲ್ಲಿನ ಮೇಲೆ ಐದು ಗೀಟುಗಳಿವೆ. ಮೊದಲ ವಾರ ನಾಲ್ಕು ಉಳಿದಿದ್ದವು. ಆಮೇಲೆ ಮೂರು. ಹೋದ ವಾರ ಒಂದೇ ಒಂದು. ಎಲ್ಲಿಯವರೆಗೆ ಹೋಗುತ್ತಾರೆಂದು ನಾನು ಕೇಳಿಲ್ಲ. ಚಾರ್ಜರನ್ನು ಮಾತ್ರ ಇವತ್ತು ಅವರ ಅಂಗಡಿಯಲ್ಲೇ ಇಟ್ಟು ಬಂದಿದ್ದೇನೆ.