ಅಡುಗೆಮನೆಯಿಲ್ಲದ ಗಾಡಿ

"ಸುಮ್ನೆ ಹೋಗ್ಬರೋಣ" ಎಂಬ ಮಾತನ್ನು ಆಡುವವರು ಯಾವಾಗಲೂ ಕುರ್ಚಿಯಲ್ಲಿ ಕುಳಿತಿರುತ್ತಾರೆ. ನೀವು ಗಮನಿಸಿದ್ದೀರೋ ಇಲ್ಲವೋ. ನಿಂತುಕೊಂಡು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆ ಮಾತನ್ನು ಆಡಿದವರನ್ನು ನನ್ನ ಈ ಸುದೀರ್ಘ ಜೀವಮಾನದಲ್ಲಿ ನಾನು ಕಂಡಿಲ್ಲ. 'ಸುಮ್ನೆ' ಎಂಬ ಆ ನಿರುಪದ್ರವಿ ಪದದ ಬೆನ್ನಿಗೇ ಪುಳಿಯೋಗರೆಯ ಗೊಜ್ಜು, ಮೊಸರನ್ನಕ್ಕೆಂದು ಹಿಂದಿನ ರಾತ್ರಿಯೇ ಹೆಪ್ಪಿಟ್ಟ ಹಾಲು, ಎಣ್ಣೆ ಸೋರುವುದಿಲ್ಲವೆಂದು ಪ್ರಮಾಣ ಮಾಡಿ ಸೋರುವ ಉಪ್ಪಿನಕಾಯಿ ಡಬ್ಬಿ, ಫ್ಲಾಸ್ಕು, ಜಮಖಾನ, ಸೌಟು, ಸೌಟು ಮರೆತದ್ದಕ್ಕೆ ಮೂದಲಿಕೆ, ಎಲ್ಲವೂ ಸಾಲಾಗಿ ಬರುತ್ತವೆ. ನಾನು ನಿಂತವರ ಪೈಕಿ. ಈಗ ಮಂಡಿ ಸವೆದು ಕುಳಿತವರ ವರ್ಗಕ್ಕೆ ಪ್ರಮೋಷನ್ ಸಿಕ್ಕಿದೆಯಾದರೂ ಆ ಮಾತು ಕಿವಿಗೆ ಬಿದ್ದರೆ ಸಾಕು, ಸೊಂಟ ತಾನಾಗಿ ನೋಯಲು ತೊಡಗುತ್ತದೆ.

ಈಚೆಗೆ ಒಂದು ಸಂಜೆ ಊಟದ ಟೇಬಲ್ಲಿನ ಮುಂದೆ ಆ ಮಾತನ್ನು ಆಡಿದವನು ನನ್ನ ಮಗ ಮಧು. ಇದೇ ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಅವನಿಗೆ ವಾರವಿಡೀ ಮಾತಾಡಿ ವಾರಾಂತ್ಯದಲ್ಲಿ ಮೌನ ಬೇಕೆನಿಸುತ್ತದಂತೆ. ಆ ಮೌನ ಕೆರೆಯ ದಡದಲ್ಲೋ ಕಾಡಿನಂಚಿನಲ್ಲೋ ಸಿಗುತ್ತದಂತೆ. "ಅಮ್ಮ, ಒಂದು ಟ್ರೇಲರ್ ತಗೊಂಡ್ಬಿಟ್ರೆ ಎಲ್ರೂ ಒಟ್ಟಿಗೆ ಸುಮ್ನೆ ಎಲ್ಲಾದ್ರೂ ಹೋಗ್ಬರ್ಬೋದು" ಎಂದ. ಟ್ರೇಲರ್ ಎಂದರೆ ನನಗೆ ಗೊತ್ತಿದ್ದದ್ದು ಗೂಳೂರಿನ ರಸ್ತೆಯಲ್ಲಿ ರಾಗಿಹುಲ್ಲು ಹೊತ್ತು, ಬಸುರಿಯ ಹಾಗೆ ತೂಗಾಡುತ್ತ, ಹಿಂದಿನವರಿಗೆ ದಾರಿ ಬಿಡದ ಟ್ರಾಕ್ಟರಿನ ಬಾಲ ಮಾತ್ರ. ಮಧು ಫೋನಿನಲ್ಲಿ ತೋರಿಸಿದ್ದು ಬೇರೆ: ಬ್ರೆಡ್ಡಿನ ಲೋಫಿಗೆ ಚಕ್ರ ಜೋಡಿಸಿದಂಥ ಪುಟ್ಟ ಬಿಳಿ ಮನೆ. ಜೀಪಿನ ಬೆನ್ನಿಗೆ ಕೊಕ್ಕೆ ಹಾಕಿ ಎಳೆದುಕೊಂಡು ಹೋಗುವುದು, ಬೇಕಾದಲ್ಲಿ ನಿಲ್ಲಿಸುವುದು, ಒಳಗೆ ಮಲಗುವುದು. ಸ್ವೀಟ್, ವೆರಿ ಸ್ವೀಟ್, ಎಂದೆ. ಎಪ್ಪತ್ತು ದಾಟಿದ ಮೇಲೆ ಯಾವುದಕ್ಕೂ ಬೇಡ ಎನ್ನುವಷ್ಟು ತ್ರಾಣವಿರುವುದಿಲ್ಲ.

ನಮ್ಮ ಯಜಮಾನರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಯಂತ್ರವೊಂದು ಮನೆಗೆ ಬರುತ್ತದೆಂದರೆ ಅವರಿಗೆ ಹತ್ತು ವರ್ಷ ಕಡಿಮೆಯಾಗುತ್ತದೆ. ಮರುದಿನವೇ ಟೇಪು ಹಿಡಿದು ಗೇಟಿನ ಅಗಲ ಅಳೆದರು. ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡಿನಿಂದ ಚಮಚವೊಂದನ್ನು ಕಟ್ಟಿ, ಹನ್ನೆರಡು ವರ್ಷದ ಮೊಮ್ಮಗಳು ಅದಿತಿಗೆ ರಿವರ್ಸ್ ಹೊಡೆಯುವ ಶಾಸ್ತ್ರವನ್ನು ಬೋಧಿಸಿದರು. "ನೋಡು ಪುಟ್ಟಿ, ನೀನು ಸ್ಟೀರಿಂಗ್ ಬಲಕ್ಕೆ ತಿರುಗಿಸಿದ್ರೆ ಅದು ಎಡಕ್ಕೆ ಹೋಗುತ್ತೆ, ಎಡಕ್ಕೆ ತಿರುಗಿಸಿದ್ರೆ ಬಲಕ್ಕೆ. ಥೇಟ್ ನಿಮ್ಮಜ್ಜಿ."

"ಇಷ್ಟು ವರ್ಷ ರಿವರ್ಸ್ ಹೊಡ್ದಿದ್ದೀರಲ್ಲ, ಇನ್ನೂ ಕೈ ಕೂತಿಲ್ವಾ?" ಎಂದೆ ನಾನು, ಚೆಲ್ಲಿದ ಉಪ್ಪನ್ನು ಬಳಿಯುತ್ತ.

ಗುಬ್ಬಿಯಲ್ಲಿರುವ ನಮ್ಮ ಅತ್ತಿಗೆ, ಅಂದರೆ ಯಜಮಾನರ ಅಕ್ಕ, ಫೋನಿನಲ್ಲಿ ವಿಷಯ ತಿಳಿದು ಗಾಬರಿಯಾದರು. ಚಕ್ರವಿದ್ದರೇನು, ಮನೆ ಮನೆಯೇ, ವಾಸ್ತು ನೋಡಿಸಬೇಕು ಎಂಬುದು ಅವರ ನಿಲುವು. "ಏನೋ ನೀನು, ಇಂಜಿನಿಯರ್ ಅಂತೀಯ, ಒಲೆ ಆಗ್ನೇಯಕ್ಕೆ ಇರ್ಬೇಕು ಅನ್ನೋದು ಗೊತ್ತಿಲ್ವೇನೋ?" ಎಂದು ತಮ್ಮನನ್ನು ಗದರಿದರು. ಯಜಮಾನರು ಸ್ಲೇಟಿನ ಮೇಲೆ ಲೆಕ್ಕ ಹಾಕಿದರು. ಗಾಡಿಯ ಹಿಂಭಾಗದಲ್ಲಿರುವ ಒಲೆ ಗುಬ್ಬಿಗೆ ಹೋಗುವಾಗ ಪೂರ್ವದಲ್ಲಿರುತ್ತದೆ, ಕುಣಿಗಲ್ಲಿನ ಕಡೆ ತಿರುಗಿದೊಡನೆ ಉತ್ತರಕ್ಕೆ ಬರುತ್ತದೆ. ಅದು ಸದಾಕಾಲ ಆಗ್ನೇಯದಲ್ಲೇ ಇರಬೇಕೆಂದರೆ ನಮ್ಮ ಕುಟುಂಬ ಆಜೀವಪರ್ಯಂತ ವಾಯವ್ಯ ದಿಕ್ಕಿಗೇ ಪ್ರಯಾಣ ಮಾಡುತ್ತಿರಬೇಕು. ಅತ್ತಿಗೆ ಸ್ವಲ್ಪ ಯೋಚಿಸಿ, "ಆ ಕಡೆ ನಮ್ಮೋರು ಯಾರಿದಾರೋ?" ಎಂದರಂತೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನ್ನ ಮನಸ್ಸು ಮಾತ್ರ ಆ ಒಲೆಯ ಬಳಿಯೇ ನಿಂತುಬಿಟ್ಟಿತ್ತು. ಹಾಗಾದರೆ ಈ ಗಾಡಿಯಲ್ಲೂ ಒಲೆಯಿದೆ.

ಕ್ಯಾಂಪ್ ಎಂಬ ಶಬ್ದಕ್ಕೆ ನಮ್ಮ ಮನೆಯಲ್ಲಿ ಎರಡು ಚರಿತ್ರೆಗಳಿವೆ. ಯಜಮಾನರ ಸರ್ವೀಸಿನುದ್ದಕ್ಕೂ ಅದು ಅವರು ಮನೆಯಲ್ಲಿಲ್ಲ ಎಂಬುದರ ಸರ್ಕಾರಿ ಹೆಸರು. ಯಾರು ಬಾಗಿಲು ತಟ್ಟಿದರೂ "ಸಾಹೇಬ್ರು ಕ್ಯಾಂಪ್ ಹೋಗಿದಾರೆ" ಎಂದು ಹೇಳುವುದು ನನ್ನ ಹುದ್ದೆಯಾಗಿತ್ತು. ನನ್ನ ಕ್ಯಾಂಪು ಅದಕ್ಕಿಂತ ಹಳೆಯದು. ಕಾನ್ವೆಂಟಿನಲ್ಲಿದ್ದಾಗ ನಮ್ಮ ಗೈಡ್ಸ್ ತಂಡವನ್ನು ದೇವರಾಯನದುರ್ಗದ ಕಾಡಿನಂಚಿಗೆ ಕರೆದೊಯ್ದು ಟೆಂಟಿನಲ್ಲಿ ಮಲಗಿಸಿದ್ದರು. ಹಾಸ್ಟೆಲಿನ ಅಡುಗೆಯವನೂ ಜೊತೆಗೆ ಬಂದಿದ್ದ. ಮಧ್ಯಾಹ್ನದ ಊಟವಾದ ಮೇಲೆ ನಾವು ತಟ್ಟೆ ತೊಳೆಯಲು ಎದ್ದಾಗ ಸಿಸ್ಟರ್ ಬೆನೆಡಿಕ್ಟಾ ತಮ್ಮ ಬಿಳಿ ತೋಳುಗಳನ್ನು ಎತ್ತಿ ತಡೆದು, "ಗರ್ಲ್ಸ್, ಹಾಫ್ ಆನ್ ಅವರ್, ಡು ನಥಿಂಗ್. ದಟ್ಸ್ ಆನ್ ಆರ್ಡರ್" ಎಂದರು. ಟೆಂಟಿನ ಬಾಗಿಲಿನ ಪರದೆ ಎತ್ತಿಕಟ್ಟಿತ್ತು. ಜಮಖಾನದ ಮೇಲೆ ಅಂಗಾತ ಮಲಗಿ ನಾನು ಒಂದು ಮರದ ತುದಿಯನ್ನು ನೋಡುತ್ತಿದ್ದೆ. ಅದು ಯಾವ ಮರವೋ ಇಂದಿಗೂ ಗೊತ್ತಿಲ್ಲ. ಅಪ್ಪಣೆಯ ಮೇರೆಗೆ ಏನನ್ನೂ ಮಾಡದೆ ಮಲಗಿದ್ದು ಅದೊಂದೇ ಸಲ. ಆಮೇಲೆ ಅಂಥ ಅಪ್ಪಣೆ ಕೊಡುವವರು ಯಾರೂ ಸಿಗಲಿಲ್ಲ.

ಮದುವೆಯಾದ ಮೇಲೆ ಪ್ರವಾಸಗಳಿಗೇನೂ ಕೊರತೆಯಿರಲಿಲ್ಲ. ನಮ್ಮ ಅತ್ತೆಯವರಿಗೆ ಹೊರಗಿನ ಊಟ ಆಗುತ್ತಿರಲಿಲ್ಲ. ಹೋಟೆಲಿನ ಒಂದು ಲೋಟ ಕಾಫಿಯೂ ಅವರ ಹೊಟ್ಟೆಯಲ್ಲಿ ರಂಪ ಮಾಡುತ್ತಿತ್ತು. ಆದ್ದರಿಂದ ಹೋದಲ್ಲೆಲ್ಲ ಪಂಪ್ ಸ್ಟೋವ್ ನಮ್ಮ ಜೊತೆಗೆ ಬರುತ್ತಿತ್ತು. ಅತ್ತೆಯವರು ತೀರಿಕೊಂಡ ಮೇಲೂ ಸ್ಟೋವ್ ಬರುವುದನ್ನು ನಿಲ್ಲಿಸಲಿಲ್ಲ, ಏಕೆಂದರೆ ಯಜಮಾನರದೂ ತಾಯಿಯದೇ ಹೊಟ್ಟೆ ಎಂಬುದು ಮನೆಯಲ್ಲಿ ಸರ್ವವಿದಿತ ಸಂಗತಿಯಾಗಿತ್ತು. ಕುಣಿಗಲ್ಲಿನಾಚೆಯ ಮಾರ್ಕೋನಹಳ್ಳಿ ಅಣೆಕಟ್ಟಿಗೆ ನಾವು ಅದೆಷ್ಟು ಸಲ ಹೋಗಿದ್ದೇವೋ! ನೀರು ಧುಮುಕುವ ಸದ್ದನ್ನು ನಾನು ಪ್ರತಿ ಸಲವೂ ಕೇಳಿದ್ದೇನೆ. ನೋಡಿಲ್ಲ. ಗಾಳಿಗೆ ಆರಿಹೋಗುವ ಸ್ಟೋವಿಗೆ ಕೊಡೆ ಅಡ್ಡ ಹಿಡಿದು, ಬೆನ್ನು ಅತ್ತ ಮಾಡಿ ಕುಳಿತಿರುತ್ತಿದ್ದೆ. ಮಾರ್ಕೋನಹಳ್ಳಿ ಹೇಗಿದೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಒಂದು ನೀಲಿ ಉರಿ, ಅದರ ಮೇಲೆ ಕುದಿಯುವ ಸಾರು.

ಇರಲಿ. ಒಂದು ಭಾನುವಾರ ಎಲ್ಲರೂ ಊರಂಚಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶಕ್ಕೆ ಹೋದೆವು. ಬಸವರಾಜು ಎಂಬವರ ಶೆಡ್ಡು. ಹಿಂದೆ ಟ್ರಾಕ್ಟರ್ ಟ್ರೇಲರುಗಳನ್ನು ಮಾಡುತ್ತಿದ್ದು, ಈಗ ಪುಟ್ಟ ಮನೆಗಳನ್ನೂ ಕಟ್ಟುತ್ತಾರೆ. ಮಾತಿನಮಲ್ಲ. ಅಂಗಳದಲ್ಲಿ ಎರಡು ಗಾಡಿಗಳಿದ್ದವು. ಒಂದು ಪೂರ್ತಿಯಾದದ್ದು, ಹೊಳೆಯುವಂಥದ್ದು. ಇನ್ನೊಂದು ಅಂಗಳದ ಮೂಲೆಯಲ್ಲಿ, ಒಳಗೆ ಮಂಚಗಳನ್ನು ಬಿಟ್ಟರೆ ಮತ್ತೇನೂ ಇಲ್ಲದ್ದು. ಮಾಡಿಸಿದವರು ಅರ್ಧಕ್ಕೇ ಬೇಡವೆಂದರಂತೆ.

ಬಸವರಾಜು ಗಂಡಸರಿಗೆ ಚಕ್ರ, ಆಕ್ಸಲ್, ಕೊಕ್ಕೆ, ಬ್ರೇಕು ಎಲ್ಲವನ್ನೂ ತೋರಿಸಿದರು. ಆಮೇಲೆ ನಮ್ಮಿಬ್ಬರ ಕಡೆ, ಅಂದರೆ ನನ್ನ ಮತ್ತು ಸೊಸೆ ಶ್ರುತಿಯ ಕಡೆ ತಿರುಗಿ, "ಬನ್ನಿ ಅಮ್ಮೋರೆ, ನಿಮ್ದು ಈ ಕಡೆ" ಎಂದು ಹಿಂಬದಿಯ ಬಾಗಿಲನ್ನು ಕಾರಿನ ಡಿಕ್ಕಿಯಂತೆ ಮೇಲೆತ್ತಿದರು. "ನೋಡಿ, ಹಿಂಗೆ ಎಳದ್ರೆ ಗ್ಯಾಸ್ ಒಲೆ, ಹಂಗೆ ಎಳದ್ರೆ ಸಿಂಕು. ನಿಂತ್ಕಂಡೇ ಅಡ್ಗೆ ಮಾಡ್ಬೋದು. ಮಳೆ ಬಂದ್ರೂ ಈ ಬಾಗ್ಲೇ ನಿಮ್ಗೆ ಸೂರು. ಮನೇಲಿ ಹೆಂಗೋ ಇಲ್ಲೂ ಹಂಗೇ!"

"ಸೂಪರ್ ಅಲ್ವಾ ಶ್ರುತಿ?" ಎಂದ ಮಧು.

ಶ್ರುತಿ ಹಲ್ಲಿನ ಡಾಕ್ಟರು. ಕುಣಿಗಲ್ಲಿನಲ್ಲಿ ಅವಳ ಕ್ಲಿನಿಕ್ಕು. ಬೆಳಿಗ್ಗೆ ಎಲ್ಲರ ಡಬ್ಬಿ ಕಟ್ಟಿ ಬಸ್ಸು ಹತ್ತಿದರೆ ಸಂಜೆ ಬಸ್ಸಿಳಿದು ನೇರ ಅಡುಗೆಮನೆಗೆ ನಡೆಯುತ್ತಾಳೆ. ನನ್ನ ಮಂಡಿಗಳು ರಾಜೀನಾಮೆ ಕೊಟ್ಟಂದಿನಿಂದ ಅದು ಅವಳ ಪಾಲಿಗೆ ಬಂದಿದೆ. ಅವಳು ಒಲೆಯ ಡ್ರಾಯರನ್ನು ಹೊರಗೆಳೆದಳು, ಒಳಗೆ ತಳ್ಳಿದಳು. ಮತ್ತೆ ಎಳೆದು, ಮತ್ತೆ ತಳ್ಳಿ, "ಚೆನ್ನಾಗಿದೆ" ಎಂದಳು. ಆ 'ಚೆನ್ನಾಗಿದೆ'ಯನ್ನು ನಾನು ಬಲ್ಲೆ. ಹೊಸ ಪಂಪ್ ಸ್ಟೋವ್ ತಂದು ಮುಂದಿಟ್ಟಾಗ ನಾನೂ ಅದೇ ಸ್ವರದಲ್ಲಿ ಅದೇ ಮಾತನ್ನು ಹೇಳಿದ್ದೆ. ಆಗ ಅದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಈಗ ಪಕ್ಕದಲ್ಲಿ ನಿಂತಿದ್ದ ನನಗೆ ಕೇಳಿಸಿತು.

ಕಾಲು ನೋಯುತ್ತಿತ್ತು. ಕೂರಲು ಜಾಗ ಹುಡುಕುತ್ತ ಮೂಲೆಯ ಅರೆಬರೆ ಗಾಡಿಯ ಬಳಿ ಹೋದೆ. ಮೆಟ್ಟಿಲು ತಗ್ಗಾಗಿತ್ತು, ಹತ್ತಿದೆ. ಮಂಚ ಉದ್ದವಾಗಿತ್ತು, ಕೂತವಳು ಹಾಗೇ ಕಾಲು ಚಾಚಿದೆ. ಸೊಳ್ಳೆಪರದೆಯ ಕಿಟಕಿಯಾಚೆ ಶೆಡ್ಡಿನ ಪಕ್ಕದ ನೀಲಗಿರಿಯ ತುದಿ ಅಲುಗಾಡುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆನೋ, ಅದಿತಿ ಬಂದು ಇಣುಕಿ "ಅಪ್ಪಾ, ಅಜ್ಜಿ ಇಲ್ಲಿ ಮಲ್ಕೊಂಡ್ಬಿಟ್ಟಿದಾರೆ!" ಎಂದು ಕೂಗಿದಾಗ ಎಲ್ಲರೂ ಓಡಿಬಂದರು.

"ಏನಾಯ್ತೇ? ತಲೆ ಸುತ್ತಾ?" ಎಂದರು ಯಜಮಾನರು.

"ಏನಿಲ್ಲ. ನಂಗೆ ಈ ಗಾಡಿ ಸಾಕು" ಎಂದೆ, ಮಲಗಿದಲ್ಲಿಂದಲೇ.

"ಅಯ್ಯೋ ಅಮ್ಮೋರೆ, ಅದಿನ್ನೂ ಅರ್ಧ. ಅದ್ರಲ್ಲಿ ಅಡ್ಗೆಮನೇನೇ ಇಲ್ಲ" ಎಂದರು ಬಸವರಾಜು.

"ಅದಕ್ಕೇ."

ಬಸವರಾಜು ಕಂಗಾಲಾದರು. "ಅಡ್ಗೆಮನೆ ಇಲ್ದೆ ಅದು ಹೆಂಗೆ ಮನೆ ಆದಾತು ತಾಯಿ?" ಮಧು ಸಮಾಧಾನದ ಸ್ವರದಲ್ಲಿ ಶುರು ಮಾಡಿದ: "ಅಮ್ಮ, ನಮ್ಗೆ ಪರ್ವಾಗಿಲ್ಲ, ಎಲ್ಲಾದ್ರೂ ತಿಂತೀವಿ. ಆದ್ರೆ ಅಪ್ಪಂಗೆ ಹೋಟ್ಲೂಟ ಆಗಲ್ವಲ್ಲ. ಶ್ರುತಿ ಏನಾದ್ರೂ ಸಿಂಪಲ್ಲಾಗಿ ಒಂದು ಅನ್ನ, ಒಂದು ಸಾರು..." ಶ್ರುತಿ ನೆಲ ನೋಡುತ್ತಿದ್ದಳು. ಒಂದು ಅನ್ನ, ಒಂದು ಸಾರು. ಮುಂದಿನ ಮೂವತ್ತು ವರ್ಷ ಮಾರ್ಕೋನಹಳ್ಳಿಯ ನೀರಿಗೆ ಬೆನ್ನು ಮಾಡಿ ನಿಲ್ಲುವವಳು ಯಾರೆಂಬುದು ಆ ಕ್ಷಣದಲ್ಲಿ, ಆ ಶೆಡ್ಡಿನ ಅಂಗಳದಲ್ಲಿ, ತೀರ್ಮಾನವಾಗಿಬಿಡುವುದರಲ್ಲಿತ್ತು.

ಆಗ ಯಜಮಾನರು, "ನಂಗೆ ಹೋಟ್ಲೂಟ ಆಗಲ್ಲ ಅಂತ ಯಾರಂದ್ರು?" ಎಂದರು.

ಅವರ ಮುಖದಲ್ಲಿದ್ದದ್ದು ಶುದ್ಧ ಆಶ್ಚರ್ಯ. "ಆಗ್ದೇ ಇದ್ದದ್ದು ನಮ್ಮಮ್ಮಂಗೆ. ಕ್ಯಾಂಪಲ್ಲಿ ನಾನೇನು ಗಾಳಿ ಕುಡ್ಕೊಂಡಿದ್ನಾ? ಗುಬ್ಬಿ ಬಸ್ ಸ್ಟ್ಯಾಂಡ್ ಹತ್ರ ತಟ್ಟೆ ಇಡ್ಲಿ ತಿಂದೇ ಅಲ್ವಾ ಕಾಲುವೆ ಕಟ್ಸಿದ್ದು?"

ನಾನು ಎದ್ದು ಕೂತೆ. "ಮತ್ಯಾಕ್ರೀ ಒಂದಿನಾನೂ ಹೇಳ್ಲಿಲ್ಲ?"

"ನೀನು ಅಷ್ಟು ಇಷ್ಟಪಟ್ಟು ಮಾಡ್ಕೊಂಡ್ ಬರ್ತಿದ್ಯಲ್ಲೇ. ಹೋಟ್ಲಿಗೆ ಹೋಗೋಣ ಅಂದ್ರೆ ಬೇಜಾರ್ ಮಾಡ್ಕೋತೀಯೇನೋ ಅಂತ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಕುಣಿಗಲ್ ದಾಟೋವಾಗೆಲ್ಲ ದೋಸೆ ವಾಸ್ನೆಗೆ ಮೂಗು ಆ ಕಡೆ ತಿರುಗ್ತಿತ್ತು" ಎಂದರು.

ಆ ಹೊತ್ತಿನಲ್ಲಿ ನನಗೆ ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟಿಗೂ ಒಂದಿಷ್ಟು ಇಂಧನ ಬೇಕು; ನನ್ನದೆಲ್ಲ ಆ ಸ್ಟೋವಿನಲ್ಲೇ ಉರಿದುಹೋಗಿತ್ತು. ಯಾರ ಮೇಲೆ ಸಿಟ್ಟಾಗಲಿ? ಅತ್ತೆಯವರು ಸ್ವರ್ಗದಲ್ಲಿದ್ದಾರೆ, ಅಲ್ಲಿನ ಊಟ ಅವರಿಗೆ ಆಗುತ್ತಿದ್ದರೆ ಸಾಕು. ಇವರು ನನ್ನ ಮನಸ್ಸು ನೋಯಬಾರದೆಂದು ಅಷ್ಟು ವರ್ಷ ಮೊಸರನ್ನ ತಿಂದಿದ್ದರು, ನಾನು ಇವರ ಹೊಟ್ಟೆ ನೋಯಬಾರದೆಂದು ಅಷ್ಟು ವರ್ಷ ಮೊಸರನ್ನ ಕಲಸಿದ್ದೆ. ಎರಡು ಸದುದ್ದೇಶಗಳು ಒಂದನ್ನೊಂದು ಮಾತಾಡಿಸದೆ ಒಂದೇ ಜಮಖಾನದ ಮೇಲೆ ಎದುರುಬದುರು ಕೂತು ಊಟ ಮಾಡಿದ್ದವು. ಇಂಗ್ಲಿಷಿನಲ್ಲಿ ಇದಕ್ಕೆ ಕರ್ಟಸಿ ಎನ್ನುತ್ತಾರೆ. ಸಿಸ್ಟರ್ ಬೆನೆಡಿಕ್ಟಾ ಅದನ್ನು ನಮಗೆ ಬಹಳ ಶ್ರಮಪಟ್ಟು ಕಲಿಸಿದ್ದರು. ಸಂಸಾರಕ್ಕೆ ಅದು ಅಷ್ಟೊಂದು ಬೇಕಿರಲಿಲ್ಲ ಎಂದು ಈಗ ಅನಿಸುತ್ತದೆ. ಒಂದು ದಿನ ಒಬ್ಬರು ಒರಟಾಗಿದ್ದಿದ್ದರೂ ನಾನು ಆ ನೀರನ್ನು ನೋಡುತ್ತಿದ್ದೆ.

ಮೊದಲು ನಕ್ಕವಳು ಶ್ರುತಿ. ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಿಲ್ಲಲಿಲ್ಲ. ಬಸವರಾಜು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. "ಒಂದು ಸಣ್ಣ ಸಿಂಕಾದ್ರೂ ಇಕ್ಕೊಡ್ತೀನಿ ತಾಯಿ" ಎಂದು ಗೋಗರೆದು, "ಕೈ ತೊಳ್ಯಕ್ಕೆ ಒಂದು ನಲ್ಲಿ ಸಾಕು, ಪಾತ್ರೆ ಹಿಡಿಯೋಷ್ಟು ದೊಡ್ದು ಬೇಡ" ಎಂಬ ನನ್ನ ಷರತ್ತಿಗೆ ನಿಟ್ಟುಸಿರಿಟ್ಟು ಮಣಿದರು. ಒಲೆಯಿಲ್ಲವೆಂದು ತಿಳಿದ ಗುಬ್ಬಿಯ ಅತ್ತಿಗೆ ವಾಸ್ತುದೋಷ ಸಂಪೂರ್ಣವಾಗಿ ನಿವಾರಣೆಯಾಯಿತೆಂದು ಘೋಷಿಸಿದರು.

ಈಗ ಗಾಡಿ ಮನೆಯ ಪಕ್ಕದಲ್ಲಿ ನಿಂತಿದೆ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಮಧ್ಯಾಹ್ನ ನಾನು ಕೆಲವೊಮ್ಮೆ ಅದರೊಳಗೆ ಹೋಗಿ ಮಲಗುತ್ತೇನೆ; ಎಲ್ಲಿಗೂ ಹೋಗದ ಗಾಡಿಯಲ್ಲಿ ಮಲಗುವುದು ನನ್ನ ವಯಸ್ಸಿಗೆ ತಕ್ಕ ಪ್ರವಾಸ. ದಣಿವು ಹೋಯಿತೆಂದು ಹೇಳಲಾರೆ. ಇಷ್ಟು ವರ್ಷಗಳ ದಣಿವು ಒಂದು ಮಂಚಕ್ಕೆ ಹೋಗುವಂಥದ್ದಲ್ಲ.

ನಿನ್ನೆ ಸಂಜೆ ಶ್ರುತಿ ಬಸ್ಸಿಳಿದು ಬಂದಳು. ಚಪ್ಪಲಿ ಬಿಟ್ಟವಳು ಅಡುಗೆಮನೆಯ ಕಡೆ ತಿರುಗದೆ, ಹೆಗಲ ಬ್ಯಾಗನ್ನೂ ಇಳಿಸದೆ ನಡುಮನೆಯಲ್ಲಿ ನಿಂತು, "ಅತ್ತೆ, ನಾಳೆ ಮಾರ್ಕೋನಹಳ್ಳಿಗೆ ಸುಮ್ನೆ ಹೋಗ್ಬರೋಣ್ವಾ?" ಎಂದಳು.

ನಿಂತುಕೊಂಡೇ ಹೇಳಿದಳು.

ನಾನು ಎದ್ದೆ. ಕಾಲು ತನ್ನ ಪಾಡಿಗೆ ಅಡುಗೆಮನೆಗೆ ನಡೆಯಿತು, ಕೈ ಲೈಟು ಹಾಕಿತು, ಕಣ್ಣು ಹುಣಿಸೆಹಣ್ಣಿನ ಡಬ್ಬಿಯ ಮೇಲೆ ನೆಟ್ಟಿತು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಆಮೇಲೆ ಗ್ಯಾಸ್ ಆರಿದೆಯೇ ಎಂದು ನೋಡಿ, ಲೈಟು ಆರಿಸಿ, ಹೊರಗೆ ಬಂದು ಕೂತೆ.